ಮಾರಿಗೆ ಒಂದೀಟ ಹಾಲು

ಹಳಿಯಾಳದ ಸಂತೆಯಲ್ಲಿ ಮಹೆಜಬೀನ ಬದನೆಕಾಯಿ ಆರಿಸುತ್ತ ನಿಂತಳೆಂದರೆ ಎದುರಿಗೆ ಬರುವ ಹತ್ತು ಮುಖಗಳಲ್ಲಿ ನಾಲ್ಕಾದರೂ ಅವಳಿಗೆ ಗೊತ್ತಿರುತ್ತವೆ. ಆ ನಾಲ್ವರಿಗೆ ಮಾತ್ರ ಇವಳು ಯಾರೆಂದು ಗೊತ್ತಿರುವುದಿಲ್ಲ. ಗೊತ್ತು ಅಂದರೆ ಹೆಸರು, ಊರು, ಮನೆತನವಲ್ಲ. ಒಬ್ಬಳ ಎಡಗಿವಿಯ ಕೆಳಗೆ ಒಂದು ಮಚ್ಚೆ, ಒಬ್ಬನ ಮುಂದಿನ ಹಲ್ಲಿನ ಸಂದಿಯಲ್ಲಿ ಗುಟ್ಕಾದ ಕೆಂಪು, ಒಬ್ಬ ಮುದುಕಿಯ ಮೂಗುತಿಯ ಪಕ್ಕದಲ್ಲಿ ಸುಟ್ಟ ಕಲೆ, ಇಷ್ಟು ವಿವರವಾಗಿ ಗೊತ್ತು. ಯಾಕೆಂದರೆ ಆ ಮಚ್ಚೆ, ಆ ಕೆಂಪು, ಆ ಕಲೆಯನ್ನೆಲ್ಲ ಫೋಟೋದಿಂದ ಒಂದೊಂದಾಗಿ ತೆಗೆದವಳು ಅವಳೇ. ಒಮ್ಮೆ ಬಳೆ ಅಂಗಡಿಯ ಮುಂದೆ ಹೊಸ ಮದುಮಗಳೊಬ್ಬಳನ್ನು ಕಂಡು, "ಅಯ್ಯ, ಈಕೀ ಮಚ್ಚಿ ನಾ ತಗದಿದ್ನೆಲ್ಲಾ, ಮತ್ತ ಬಂದೈತಿ ನೋಡ್ರಿ" ಎಂದು ಗಂಡನಿಗೆ ಗಟ್ಟಿಯಾಗಿ ಹೇಳಿಬಿಟ್ಟಳು. ಮನೆಯ ಮಾತಾದ ಉರ್ದುವಿನಲ್ಲಿ ಹೇಳಿದ್ದರೆ ಹೇಗೋ ಬಚಾವಾಗುತ್ತಿತ್ತು. ಆದರೆ ಕೆಲಸದ ಮಾತು ಬಂದರೆ ಅವಳ ಬಾಯಿಗೆ ಕನ್ನಡವೇ ಬರುತ್ತದೆ, ಕೆಲಸ ಕಲಿತದ್ದು ಕನ್ನಡದಲ್ಲಿ. ಆ ಹುಡುಗಿ ತಿರುಗಿ ನೋಡಿದ್ದೇ ತಡ, ಗಂಡ ಆಸೀಫ ಬೇಡದ ಎರಡು ಡಜನ್ ಬಳೆ ಕೊಂಡು ಅಲ್ಲಿಂದ ಕಾಲ್ತೆಗೆದ.

ಆಸೀಫ ಕ್ಯಾಮೆರಾ ಹೊತ್ತು ಮದುವೆ, ನಿಕಾ, ಸೀಮಂತ, ಜಾವಳಗಳಿಗೆ ತಿರುಗುವವನು. ಇತ್ತ ಮುಂಡಗೋಡ, ಅತ್ತ ಜೋಯ್ಡಾ, ರಾಮನಗರದವರೆಗೂ ಅವನ ಬೈಕು ಹೋಗುತ್ತದೆ. ಮನೆಗೆ ಬಂದವನೇ ಮೆಮೊರಿ ಕಾರ್ಡನ್ನು ಹೆಂಡತಿಯ ಅಂಗೈಯಲ್ಲಿಟ್ಟು ಮಲಗಿಬಿಡುತ್ತಾನೆ. ಮುಂದಿನದೆಲ್ಲ ಮಹೆಜಬೀನಳದು. ಕೆಳಗೆ ರಸ್ತೆಗೆ ಮುಖ ಮಾಡಿ ಸ್ಟುಡಿಯೋ, ಮೇಲೆ ಮನೆ, ಮನೆಯ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಅವಳ ಕಂಪ್ಯೂಟರ್. "ನಮ್ಮ ಮಗಾ ಹೊಡೀತಾನ, ಸೊಸಿ ತೊಳೀತಾಳ" ಎಂದು ಅತ್ತೆ ರಹೀಮುನ್ನಿಸಾ ನೆರೆಹೊರೆಗೆ ವಿವರಿಸುತ್ತಾಳೆ. ಹಿಂದೆ ಫೋಟೋ ಹೊಡೆದು ತೊಳೆಯುತ್ತಿದ್ದರಲ್ಲ, ಆ ಲೆಕ್ಕದ ಮಾತು ಅದು. ಕೇಳಿದವರು ಬೇರೇನನ್ನೋ ತಿಳಿದುಕೊಂಡು ಸೊಸೆಯನ್ನು ಮರುಕದಿಂದ ನೋಡುತ್ತಾರೆ.

ಮಹೆಜಬೀನ ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಸಿಕಂದರ ಕಾಗದದ ಮಿಲ್ಲಿನ ಕೆಲಸಗಾರ. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಾಗ, ಮಗಳು ಮನೆಯಲ್ಲಿ ಕೂತು ಮಂಕಾಗುವುದು ಬೇಡವೆಂದು ತನ್ನ ಗೆಳೆಯ ಮಹಾಬಳೇಶ್ವರರ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕಲಿಯಲು ಹಾಕಿದ. ಮಹಾಬಳೇಶ್ವರರು ರೀಲಿನ ಕಾಲದವರು. ನೆಗೆಟಿವಿನ ಮೇಲೆ ಪೆನ್ಸಿಲು, ಕೂದಲೆಳೆಯಂಥ ಬ್ರಷ್ ಆಡಿಸಿ ಸಿಡುಬಿನ ಕುಳಿ ತುಂಬಿದ ಕೈ ಅವರದು. ಕಂಪ್ಯೂಟರ್ ಬಂದ ಮೇಲೂ ಅವರದು ಒಂದೇ ಮಂತ್ರ: "ಅಳಸಬ್ಯಾಡ, ಮುಚ್ಚು."

ಅಳಿಸಿದ್ದು ಹೋಯಿತು, ಮತ್ತೆ ಬರುವುದಿಲ್ಲ. ಮುಚ್ಚಿದ್ದು ಅಲ್ಲೇ ಇರುತ್ತದೆ. ಫೋಟೋದ ಮೇಲೊಂದು ಪದರ ಹಾಸು, ಆ ಪದರಕ್ಕೊಂದು ಮಾಸ್ಕ್ ಕಟ್ಟು. ಮಾಸ್ಕಿನ ಮೇಲೆ ಬಿಳಿ ಬಣ್ಣದ ಬ್ರಷ್ ಆಡಿಸಿದಲ್ಲಿ ನಿನ್ನ ಪದರ ಕಾಣುತ್ತದೆ. ಕಪ್ಪು ಬ್ರಷ್ ಆಡಿಸಿದಲ್ಲಿ ಪದರ ಮರೆಯಾಗಿ ಅಡಿಯಲ್ಲಿರುವ ನಿಜವಾದ ಫೋಟೋ ಹೊರಗೆ ಬರುತ್ತದೆ. "ಗ್ವಾಡಿಗೆ ಸುಣ್ಣಾ ಹೊಡದಂಗಲ್ಲವಾ ಇದು, ಕಿಡಕಿಗೆ ಪರದೆ ಹಾಕಿದಂಗ" ಎಂದು ಅವರು ಹೇಳಿದ್ದು ಹುಡುಗಿಗೆ ಒಂದೇ ಸಲಕ್ಕೆ ತಿಳಿಯಿತು. ಆದರೂ ಕಲಿಯುವವರ ಬೆರಳು ಹೋಗುವುದು ಅಳಿಸುವ ರಬ್ಬರಿನ ಕಡೆಗೇ. ಇಂಗ್ಲಿಷಿನ 'ಇ' ಗುಂಡಿ ಒತ್ತಿದರೆ ರಬ್ಬರು ಕೈಗೆ ಬರುತ್ತದಾದ್ದರಿಂದ ಮಹಾಬಳೇಶ್ವರರು ಒಂದು ದಿನ ಕೀಬೋರ್ಡಿನಿಂದ ಆ ಗುಂಡಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡರು. ಅಂದಿನಿಂದ ಆ ಸ್ಟುಡಿಯೋದ ಫೋಲ್ಡರುಗಳಲ್ಲಿ ದಾಂಡೇಲಿ ದಾಂಡ್ಲಿಯಾಯಿತು, ಶೆಟ್ಟರೆಲ್ಲ ಶಟ್ಟರಾದರು. ಯಾರೂ ತಕರಾರು ಮಾಡಲಿಲ್ಲ.

ಹುಡುಗಿಯ ಕೈ ಪಳಗಿತು. ಕೊಲ್ಲಿ ದೇಶದಲ್ಲಿದ್ದು ಮದುವೆಗೆ ಬರಲಾಗದ ಅಣ್ಣನನ್ನು ಅವನ ಬೇರೆ ಫೋಟೋದಿಂದ ಕತ್ತರಿಸಿ ತಂದು ತಂಗಿಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದಳು, ಅವನ ನೆರಳು ಸಹ ಮಂಟಪದ ಚಾಪೆಯ ಮೇಲೆ ಸರಿಯಾಗಿ ಬೀಳುತ್ತಿತ್ತು. ಮಂಟಪದಲ್ಲಿ ಕೂತ ಮದುಮಕ್ಕಳನ್ನು ಅಣಶಿ ಘಟ್ಟದ ಮಂಜಿನಲ್ಲಿ ನಡೆಸಿದಳು. ಅತ್ತಿವೇರಿಯ ಹಕ್ಕಿಗಳನ್ನು ಅವರ ತಲೆಯ ಮೇಲೆ ಹಾರಿಸಿದಳು. ಒಂದು ಹಕ್ಕಿಯ ರೆಕ್ಕೆ ವಧುವಿನ ಜಡೆಯ ಹಿಂದೆ ಹಾದುಹೋಗುವಂತೆ ಮಾಡಲು ಇಡೀ ಮಧ್ಯಾಹ್ನ ಕೂದಲು ಕೂದಲಿಗೆ ಬ್ರಷ್ ಆಡಿಸಿದ್ದಳು. ನೋಡಿದವರಿಗೆ ಅದೇನೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಈ ಕಸುಬಿನ ಮರ್ಯಾದೆ.

ಈಗ ಅವಳದೇ ಮದುವೆಯ ಮಾತು ಹೇಳಬೇಕು. ಮಹೆಜಬೀನ ಎಂದರೆ ಚಂದ್ರನಂಥ ಹಣೆಯವಳು ಎಂದು ಅರ್ಥ. ಹೆಸರಿಟ್ಟ ಅಜ್ಜಿಗೆ ಕಣ್ಣು ಮಂಜಾಗಿತ್ತೋ, ಪ್ರೀತಿ ಹೆಚ್ಚಾಗಿತ್ತೋ. ಹುಡುಗಿ ಕಪ್ಪು. ಸಂಬಂಧಗಳು ಬರುತ್ತಿದ್ದವು, ಚಹಾ ಕುಡಿದು ಹೋಗುತ್ತಿದ್ದವು. ಮೂರನೆಯ ಸಂಬಂಧ ಹಾಗೆ ಹೋದಾಗ ಅವಳು ಸ್ಟುಡಿಯೋದಲ್ಲಿ ಒಬ್ಬಳೇ ಕೂತು ತನ್ನ ಫೋಟೋದ ಮೇಲೆ ತಾನೇ ಪದರ ಹಾಸಿ, ಬಿಳಿ ಬ್ರಷ್ ಆಡಿಸಿ, ಹಾಲಿನ ಕೆನೆಯಂಥ ಮುಖ ಮಾಡಿಕೊಂಡಳು. ಆ ಫೋಟೋ ಹಳಿಯಾಳಕ್ಕೆ ಹೋಯಿತು. ರಹೀಮುನ್ನಿಸಾ ಮಗನನ್ನು ಕರೆದುಕೊಂಡು ದಾಂಡೇಲಿಗೆ ಬಂದಳು. ಶರಬತ್ತು ತಂದ ಹುಡುಗಿಯ ಕೈಯಿಂದ ಲೋಟ ತೆಗೆದುಕೊಂಡು, ಪಕ್ಕದ ಮನೆಯವಳಿರಬೇಕೆಂದು, "ಹುಡುಗಿ ಎಲ್ಲಮ್ಮಾ? ಇನ್ನೂ ತಯಾರಾಗಿಲ್ಲವೇ?" ಎಂದು ಉರ್ದುವಿನಲ್ಲಿ ವಿನಯದಿಂದಲೇ ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಮಹೆಜಬೀನಳಿಗೆ. ಆಸೀಫ ಮಾತ್ರ ನಗುತ್ತ ಕೂತಿದ್ದ. ಅವನೂ ಅದೇ ಕಸುಬಿನವನಲ್ಲವೇ, ಫೋಟೋ ಕೈಗೆ ಬಂದಾಗಲೇ ದೊಡ್ಡದು ಮಾಡಿ ನೋಡಿದ್ದ. ಹುಡುಗಿ ಗಡಿಬಿಡಿಯಲ್ಲಿ ಕಿವಿಗಳಿಗೆ ಬ್ರಷ್ ಆಡಿಸುವುದನ್ನು ಮರೆತಿದ್ದಳು. "ನಾ ನಿನ್ನ ಕಿವಿ ನೋಡೇ ಒಪ್ಪೀನಿ" ಎಂದು ಮದುವೆಯಾದ ಮೇಲೆ ಹೇಳಿದ. ಅಂಥ ಗಂಡ ಸಿಗುವುದು ಪುಣ್ಯ. ಆದರೂ ಆ ಶರಬತ್ತಿನ ಲೋಟದ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದೇ ಇತ್ತು.

ಅಂಥವಳು ಮುಂದೆ ಊರಿನ ಮುಖಗಳನ್ನೆಲ್ಲ ಹಾಗೇ ಬಿಟ್ಟುಬಿಡಬೇಕಿತ್ತು ಅನ್ನಿಸುತ್ತದಲ್ಲವೇ? ಬಿಡಲಿಲ್ಲ. ಊರೂ ಬಿಡಗೊಡಲಿಲ್ಲ. ಹಳಿಯಾಳಕ್ಕೆ ಬಂದ ಹೊಸದರಲ್ಲಿ ಗೋದುಬಾಯಿ ಎಂಬಾಕೆ ಮಗಳ ಆಲ್ಬಮ್ ತಿರುವಿ ಹಾಕಿ, "ಎಲ್ಲಾ ಚಲೋ ಐತ್ರಿ. ನಮ್ಮ ಹುಡಗೀ ಮಾರಿಗೆ ಒಂದೀಟ ಹಾಲ ಹಾಕ್ರಿ" ಎಂದಳು. ಗಂಡಹೆಂಡತಿ ಬಿದ್ದು ಬಿದ್ದು ನಕ್ಕರು. ಆ ಮಾತು ಸ್ಟುಡಿಯೋದಲ್ಲಿ ನೆಲೆನಿಂತಿತು. ಮಹೆಜಬೀನ ಮುಖ ಬೆಳ್ಳಗೆ ಮಾಡುವ ಪದರವನ್ನು ಒಂದೇ ಗುಂಡಿಗೆ ಕಟ್ಟಿ ಅದಕ್ಕೆ 'ಹಾಲು' ಎಂದು ಹೆಸರಿಟ್ಟಳು. ಗುಂಡಿ ಒತ್ತು, ಬ್ರಷ್ ಆಡಿಸು, ಹಾಲು ಬಿತ್ತು. ಕಿವಿ ಮರೆಯದಿರಲು ಈಗ ಕಿವಿಯಿಂದಲೇ ಶುರುಮಾಡುತ್ತಿದ್ದಳು. ವಧುವಿಗೆ ಹಾಲು, ವರನಿಗೆ ಹಾಲು, ವರನ ಸೋದರಮಾವನಿಗೂ ಒಂದು ಚಮಚ. ಹಾಕದಿದ್ದರೆ ಆಲ್ಬಮ್ ವಾಪಸು ಬರುತ್ತದೆ. ವರ್ಷಗಳುರುಳಿದಂತೆ, ಹಾಕಲೇ ಎಂದು ಅವಳು ಕೇಳುವುದೇ ನಿಂತುಹೋಯಿತು. ಉಸಿರಾಡುವುದಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಇತ್ತೀಚೆಗೆ ಮಾತ್ರ ಅವಳು ಮೊದಲು ಕೇಳುತ್ತಾಳೆ. ಯಾಕೆ ಕೇಳತೊಡಗಿದಳೆಂದರೆ ಲಕ್ಷ್ಮೀದೇವಿಯ ಸಂಗತಿ ಹೇಳಬೇಕಾಗುತ್ತದೆ.

ಹೋದ ವರ್ಷ, ಕಬ್ಬಿನ ಲಾರಿಗಳು ರಸ್ತೆಗೆ ಇಳಿಯುವ ಹೊತ್ತಿನಲ್ಲಿ, ರೀನಾ ಎಂಬ ಹುಡುಗಿ ಸ್ಟುಡಿಯೋಕ್ಕೆ ಬಂದಳು. ಕಾಡಿನ ಅಂಚಿನಲ್ಲಿರುವ ಸಿದ್ದಿಗಳ ಕೇರಿಯವಳು, ಹಳಿಯಾಳದಲ್ಲಿ ಬಿ.ಎ. ಓದುತ್ತಿದ್ದಳು. ಸಿದ್ದಿಗಳು ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು. ಈಗ ಈ ಕಾಡೇ ಅವರ ತವರು. ರೀನಾಳ ಅಪ್ಪ ಯಲ್ಲಪ್ಪ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅಪ್ಪನ ದೊಡ್ಡ ಫೋಟೋ ಬೇಕು ಎಂದು ಅವಳು ಮೊಬೈಲು ತೆರೆದಳು. ಇದ್ದದ್ದು ಒಂದೇ ಫೋಟೋ, ಅದೂ ಯಾರದೋ ಮದುವೆಯ ಗುಂಪಿನದು. ಯಲ್ಲಪ್ಪ ಕ್ಯಾಮೆರಾ ಕಂಡರೆ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ ಮನುಷ್ಯ, ಅಂದು ಹೇಗೋ ಗುಂಪಿನ ತುದಿಯಲ್ಲಿ ಸಿಕ್ಕಿಬಿದ್ದಿದ್ದ. ಆಧಾರ್ ಕಾರ್ಡಿನಲ್ಲೂ ಒಂದಿತ್ತು ಅನ್ನಿ. ಆದರೆ ಆಧಾರ್ ಕಾರ್ಡಿನಲ್ಲಿ ತಮ್ಮಂತೆ ತಾವು ಕಾಣುವ ಪುಣ್ಯವಂತರು ಎಷ್ಟು ಜನ?

ಮಹೆಜಬೀನ ಶ್ರದ್ಧೆಯಿಂದಲೇ ಕೆಲಸ ಮಾಡಿದಳು. ಯಲ್ಲಪ್ಪನನ್ನು ಗುಂಪಿನಿಂದ ಬಿಡಿಸಿದಳು. ಅವನ ಗುಂಗುರು ಕೂದಲಿನ ಅಂಚಿಗೆ ಬಹಳ ಹೊತ್ತು ಬ್ರಷ್ ಆಡಿಸಿದಳು. ಪಕ್ಕದವನ ಹೆಗಲನ್ನು ಸರಿಸಿ, ಹಿಂದೆ ತಿಳಿನೀಲಿ ಪರದೆ ಹಾಕಿ, ಹುಬ್ಬಿನ ಮೇಲಿದ್ದ ಒಂದು ಗೀರನ್ನು ಮುಚ್ಚಿದಳು. ಆಮೇಲೆ ಹಾಲು. ಒಂದು ಸಲ ಹಾಕಿದರೆ ಮುಖ ಏಳಲಿಲ್ಲ, ಎರಡನೆಯ ಸಲವೂ ಸಾಲಲಿಲ್ಲ. ಮೂರನೆಯ ಸಲಕ್ಕೆ ತೃಪ್ತಿಯಾಯಿತು. ಮುದ್ರಿಸಿ, ಚೌಕಟ್ಟು ಹಾಕಿಸಿ, ಕಾಗದ ಸುತ್ತಿಟ್ಟಳು.

ಫೋಟೋ ಒಯ್ಯಲು ರೀನಾ ತಾಯಿಯನ್ನೂ ಕರೆತಂದಳು. ಲಕ್ಷ್ಮೀದೇವಿ ಗಟ್ಟಿ ಮೈಯ, ನೆಟ್ಟಗೆ ನಡೆಯುವ ಹೆಂಗಸು. ಕಾಗದ ಬಿಚ್ಚಿ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಸೆರಗಿನಿಂದ ಗಾಜು ಒರೆಸಿದಳು. ಮತ್ತೆ ನೋಡಿದಳು. ತಿರುಗಿಸಿ ಹಿಂಭಾಗವನ್ನೂ ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬಾಯಾರ, ಇದು ಬ್ಯಾರೇದವರದ ಐತ್ರಿ. ನಮ್ಮದು ಕೊಡ್ರಿ."

"ಇದ ನಿಮ್ಮದು, ಅಕ್ಕಾರ" ಎಂದಳು ಮಹೆಜಬೀನ.

"ಇಲ್ರಿ. ಇವರು ಯಾರೋ ದೊಡ್ಡ ಮಂದಿ ಕಾಣ್ತಾರ. ಪಾಪ, ಇವರ ಮನ್ಯಾರು ಹುಡಕ್ತಿರ್ತಾರ. ತಗದ ಇಡ್ರಿ."

ರೀನಾ ನೆಲ ನೋಡುತ್ತ, "ಅವ್ವಾ, ಅಪ್ಪನ ಅದು" ಎಂದಳು.

ಲಕ್ಷ್ಮೀದೇವಿ ಫೋಟೋವನ್ನು ಮತ್ತೊಮ್ಮೆ ನೋಡಲಿಲ್ಲ, ಮಗಳನ್ನು ನೋಡಿದಳು. ಮಹೆಜಬೀನಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಕಷ್ಟಪಟ್ಟದ್ದಕ್ಕೆ ಇದೇ ಬಹುಮಾನವೇ? ಊರೆಲ್ಲ ಹಾಲು ಹಾಕು ಎನ್ನುತ್ತದೆ, ಇವರದೇನು ಹೊಸದು? "ಒಂದೀಟ ಚಂದ ಕಾಣ್ಲಿ ಅಂತ ಮಾಡೀನ್ರಿ. ಎಲ್ಲಾರಿಗೂ ಹಿಂಗ ಮಾಡ್ತೇವಿ" ಎಂದು ಬಿರುಸಾಗಿಯೇ ಅಂದಳು.

"ಚಂದ ಐತ್ರಿ, ಇಲ್ಲ ಅನ್ನೂದಿಲ್ಲ" ಎಂದಳು ಲಕ್ಷ್ಮೀದೇವಿ. ಅವಳ ದನಿಯಲ್ಲಿ ಜಗಳವಿರಲಿಲ್ಲ, ಚಿಂತೆಯಿತ್ತು. "ಆದ್ರ ನಾಡಿದ್ದ ನಮ್ಮ ಮನ್ಯಾಗ ಹಿರೇರ ಪೂಜಿ ಐತ್ರಿ. ರೀನಾನ ಅಪ್ಪನ್ನ ಅವತ್ತ ತೀರಿಹ್ವಾದ ಹಿರೇರ ಸಂಗಾಟ ಕೂಡಸೂದು. ಅಂವ ಮನಿಗೆ ಬರ್ತಾನ, ಬಾಗಲದಾಗ ನಿಂತು ಒಳಗ ನೋಡ್ತಾನ. ಇದನ್ನ ನೋಡಿದ್ರ ಏನಂತಾನ ಹೇಳ್ರಿ? ನನ್ನ ಜಾಗಾದಾಗ ಬ್ಯಾರೇಂವನ್ನ ಕುಂದರಿಸ್ಯಾಳ ಅಂತ ಹಂಗ ಹೊಳ್ಳಿ ಹೋಗ್ತಾನ್ರಿ. ಆಮ್ಯಾಲೆ ನಾ ಎಲ್ಲಿ ಅಂತ ಹುಡುಕ್ಲಿ?"

ಮಹೆಜಬೀನಳ ಸಿಟ್ಟು ಅಲ್ಲಿಗೇ ಇಳಿಯಿತು. ಶರಬತ್ತಿನ ಲೋಟ ಹಿಡಿದು ನಿಂತ ಆ ದಿನ ಕಣ್ಣಿಗೆ ಕಟ್ಟಿತು. ಎದುರಿಗೇ ನಿಂತವಳನ್ನು ಹುಡುಗಿ ಎಲ್ಲಿ ಎಂದು ಕೇಳಿಸಿಕೊಂಡವಳು ಅವಳು. ಬದುಕಿದ್ದವಳು ಹೇಗೋ ತಡೆದುಕೊಂಡಳು. ಸತ್ತವನೊಬ್ಬ ತನ್ನ ಮನೆಯ ಬಾಗಿಲಿಗೆ ಬಂದು, ತನ್ನ ಹೆಂಡತಿಯ ಮುಂದೆ ತನ್ನ ಗುರುತೇ ಇಲ್ಲದೆ ಹಿಂದಿರುಗಿದರೆ? ಅವಳಿಗೆ ಬಹಳ ನಾಚಿಕೆಯಾಯಿತು. "ಮ್ಯಾಲೆ ಬರ್ರಿ ಅಕ್ಕಾರ" ಎಂದು ಎದ್ದಳು. "ಅವರು ಎಲ್ಲೂ ಹೋಗಿಲ್ಲ. ನಾ ಮುಚ್ಚೇನಿ ಅಷ್ಟ, ಅಳಸಿಲ್ಲ."

ಕಿಟಕಿಯ ಹತ್ತಿರ ತಾಯಿ ಮಗಳನ್ನು ಕೂರಿಸಿ ಕಡತ ತೆರೆದಳು. ಬೇಕೆಂದಿದ್ದರೆ ಒಂದೇ ಕ್ಲಿಕ್ಕಿಗೆ ಮೂರೂ ಹಾಲಿನ ಪದರಗಳನ್ನು ಮರೆಮಾಡಬಹುದಿತ್ತು. ಆದರೆ ಲಕ್ಷ್ಮೀದೇವಿಗೆ ಕಣ್ಣಾರೆ ತೋರಿಸಬೇಕೆನ್ನಿಸಿತು. ಗೀರು ಮುಚ್ಚಿದ್ದನ್ನೂ ಸೇರಿಸಿ ಆ ಪದರಗಳಿಗೆಲ್ಲ ಒಂದೇ ಮಾಸ್ಕ್ ಕಟ್ಟಿ, ಬ್ರಷ್ಷಿಗೆ ಕಪ್ಪು ಬಣ್ಣ ತುಂಬಿಕೊಂಡು ಅದರ ಮೇಲೆ ಹಣೆಯಿಂದ ಕೆಳಗೆ ಆಡಿಸುತ್ತ ಬಂದಳು. ಬ್ರಷ್ ಹೋದಲ್ಲೆಲ್ಲ ಹಾಲು ಸರಿಯಿತು. ಹುಬ್ಬಿನ ಮೇಲಿನ ಗೀರು ಹೊರಬಂತು.

"ಮರಾ ಕಡಿಯೂವಾಗ ಚಕ್ಕಿ ಸಿಡದಿತ್ತು!" ಎಂದು ಲಕ್ಷ್ಮೀದೇವಿ ಪರದೆಗೆ ಬೆರಳೊತ್ತಿದಳು. ಪರದೆ ಮುಟ್ಟಿದವರನ್ನು ಗಂಡನೆನ್ನದೆ ಗದರುವ ಮಹೆಜಬೀನ ಪರದೆಯನ್ನು ಇನ್ನಷ್ಟು ಅವಳತ್ತ ತಿರುಗಿಸಿದಳು. "ಕರೀದು ಹಚ್ಚಿದ್ರ ಖರೇ ಮಾರಿ ಬರ್ತೈತಿ? ಇದ ಚಲೋ ಐತಿ ಬಿಡ್ರಿ, ನಿಮ್ಮ ಕೆಲಸ."

ಆದರೆ ಸಂಕಟ ಶುರುವಾದದ್ದೇ ಈಗ. ಹಾಲೆಲ್ಲ ಸರಿದ ಮೇಲೆ ಅಡಿಯಲ್ಲಿ ಸಿಕ್ಕಿದ್ದು ಮುಖವಲ್ಲ, ಕತ್ತಲೆ. ಅಗ್ಗದ ಮೊಬೈಲು, ಮಂಟಪದ ಕಣ್ಣು ಕುಕ್ಕುವ ದೀಪ, ಬಿಳಿ ಅಂಗಿಯವರ ಗುಂಪು. ಫೋನು ಅವರನ್ನೆಲ್ಲ ನೋಡಿ, ತುದಿಯಲ್ಲಿದ್ದ ಯಲ್ಲಪ್ಪನನ್ನು ಕತ್ತಲೆಗೆ ಬಿಟ್ಟಿತ್ತು. ಗೀರು ಕಾಣುತ್ತದೆ, ಕಣ್ಣಿನ ಬಿಳುಪು, ಕಿಸಿದ ಹಲ್ಲು ಕಾಣುತ್ತವೆ, ಉಳಿದದ್ದೆಲ್ಲ ಒಂದೇ ಮುದ್ದೆ.

"ಇಂವ ನಮ್ಮಂವನ" ಎಂದಳು ಲಕ್ಷ್ಮೀದೇವಿ. "ಆದ್ರ ಕಾಣವಲ್ಲ."

ಮಹೆಜಬೀನ ಇಡೀ ಮುಖದ ಬೆಳಕನ್ನು ಒಟ್ಟಾಗಿ ಸ್ವಲ್ಪ ಎತ್ತಿದಳು. ಕಪ್ಪು ಹೋಗಿ ಬೂದಿಯ ಬಣ್ಣ ಬಂತು. ಲಕ್ಷ್ಮೀದೇವಿ ಥಟ್ಟನೆ ಮುಖ ತಿರುಗಿಸಿ, "ತಗೀರಿ ಅದನ್ನ" ಎಂದಳು. "ಕಡೀ ದಿನಾ, ಹೊರಗ ಅಂಗಳದಾಗ ಮಲಗಿಸಿದಾಗ, ಹಿಂಗ ಆಗಿದ್ದ." ಮಹೆಜಬೀನ ಗಾಬರಿಯಿಂದ ಅದನ್ನು ತೆಗೆದಳು. ಕೆಂಪು ಬೆರೆಸಿದಳು, ಮಣ್ಣಿನ ಗೊಂಬೆಯಾಯಿತು. ಹೊಳಪು ಬೆರೆಸಿದಳು, ಬೆವರಿನಂತಾಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಕೈ. ಸಾವಿರಾರು ಮುಖಗಳನ್ನು ಬೆಳ್ಳಗೆ ಮಾಡಿದ್ದ ಆ ಕೈಗೆ ಒಂದು ಕಪ್ಪು ಮುಖವನ್ನು ಕಪ್ಪಾಗಿಯೇ ಬೆಳಗಿಸುವುದು ಹೇಗೆಂದು ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಕಲಿತಿರಲಿಲ್ಲ.

ಮೌಸಿನಿಂದ ಕೈ ತೆಗೆದು, "ನನಗ ಬರವಲ್ದ್ರಿ ಅಕ್ಕಾರ" ಎಂದುಬಿಟ್ಟಳು. ಕಣ್ಣಲ್ಲಿ ನೀರಿತ್ತು. "ಎಲ್ಲಾರ ಮಾರಿಗೂ ಹಾಲ ಹಾಕೂದೊಂದ ಕಲ್ತೇನಿ. ಹಾಲ ಅಂತನ ಹೆಸರಿಟ್ಟೇನಿ ನೋಡ್ರಿ ಅದಕ್ಕ." ಪರದೆಯ ಮೇಲೆ ಆ ಹೆಸರನ್ನೂ ತೋರಿಸಿದಳು.

ಲಕ್ಷ್ಮೀದೇವಿ ಓದು ಬಾರದವಳು. ಮಗಳು ಓದಿ ಹೇಳಿದಾಗ ಗಳಗಳನೆ ನಕ್ಕಳು. ಆಮೇಲೆ, "ನೀವು ಕಪ್ಪನ್ನ ಕತ್ತಲಿ ಅಂತ ತಿಳಕೊಂಡೀರಿ, ಅದಕ್ಕ ಹಿಂಗ ಆಗೇತಿ" ಎಂದಳು. "ರೀನಾನ ಅಪ್ಪ ಕರ್ರಗಿದ್ದ. ಹೆಂಗ ಅಂದ್ರ, ಎಣ್ಣಿ ಸವರಿದ ರೊಟ್ಟಿ ಹಂಚು ಇರ್ತೈತೆಲ್ಲ, ಹಂಗ. ಬಿಸಲಿಗೆ ನಿಂತ್ರ ಮಾರಿ ಮ್ಯಾಲೆ ಬಿಸಲ ಕುಂದರ್ತಿತ್ತು. ಇಲ್ಲಿ, ಇಲ್ಲಿ, ಮತ್ತ ಇಲ್ಲಿ." ತನ್ನ ಹುಬ್ಬಿನ ಮೂಳೆ, ಕೆನ್ನೆಯ ಉಬ್ಬು, ಕೆಳದುಟಿಗಳನ್ನು ಮುಟ್ಟಿ ತೋರಿಸಿದಳು. "ಈ ಹುಡಗೀದು ಅಪ್ಪನ ಮಾರಿ. ನನ್ನ ಮಾತ ತಿಳೀಲಿಲ್ಲಂದ್ರ ಈಕೀನ್ನ ನೋಡ್ರಿ."

ಮಹೆಜಬೀನ ರೀನಾಳ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದಳು. ನಾಲ್ಕು ಗಂಟೆಯ ಇಳಿಬಿಸಿಲು ಹುಡುಗಿಯ ಮುಖದ ಒಂದು ಮಗ್ಗುಲಿಗೆ ಬಿದ್ದಿತ್ತು. ಅವಳು ನೋಡಿದಳು. ಇಷ್ಟು ವರ್ಷ ಮುಖಗಳಲ್ಲಿ ತೆಗೆಯಬೇಕಾದದ್ದು ಏನಿದೆ ಎಂದಷ್ಟೇ ನೋಡಿದವಳು, ಈಗ ಏನಿದೆ ಎಂದು ನೋಡಿದಳು. ಬೆಳಕು ಈ ಮೈಬಣ್ಣದ ಮೇಲೆ ಹರಡುವುದಿಲ್ಲ, ಆರಿಸಿಕೊಂಡು ಕೂರುತ್ತದೆ. ಕೆನ್ನೆಯ ಮೂಳೆಯ ಮೇಲೆ ಸಣ್ಣ ಬಿಲ್ಲಿನಂತೆ, ಮೂಗಿನ ಮೇಲೆ ಎಳೆಯಾಗಿ, ಕೆಳದುಟಿಯ ನಡುವೆ ಒಂದು ಚುಕ್ಕೆ. ಹೊಳಪಿನ ಅಂಚಿನಲ್ಲಿ ಕಬ್ಬಿನ ಬೆಲ್ಲದ ಕೆಂಪಿದೆ, ಕಣ್ಣಿನ ಕೆಳಗಿನ ನೆರಳಿನಲ್ಲಿ ನೇರಳೆಯಿದೆ. ನೆರಳು ನೆರಳಾಗಿಯೇ ಉಳಿದಿರುವುದರಿಂದಲೇ ಮುಖ ಕಾಣುತ್ತಿದೆ. ಎಷ್ಟು ಚೆಂದದ ಮುಖ ಎಂದು ಅವಳಿಗೆ ನಿಜವಾಗಿ ಅನ್ನಿಸಿತು.

ಹೊಸ ಪದರ ಹಾಸಿದಳು. ಮಾಸ್ಕನ್ನು ಪೂರ್ತಿ ಕಪ್ಪು ಮಾಡಿಕೊಂಡು, ಬ್ರಷ್ಷಿನ ಬಲವನ್ನು ನೂರಕ್ಕೆ ಐದಕ್ಕೆ ಇಳಿಸಿದಳು. ಸವರಿದರೂ ಸವರಿದ್ದು ಗೊತ್ತಾಗದಷ್ಟು ಮೆಲುವಾದ ಬಿಳಿ. ಒಮ್ಮೆ ರೀನಾಳ ಮುಖ, ಒಮ್ಮೆ ಪರದೆ. ಲಕ್ಷ್ಮೀದೇವಿ ಹಿಂದಿನಿಂದ ಹೇಳುತ್ತಿದ್ದಳು: "ಹಾಂ, ಅಲ್ಲೇ. ಸಾಕ್ ಸಾಕ್. ಗಲ್ಲದ ಕೆಳಗ ಬ್ಯಾಡ್ರಿ, ಅಲ್ಲಿ ಗುಂಡಿ ಇತ್ತು." ಹೆಚ್ಚಾದಲ್ಲಿ ಕಪ್ಪು, ಕಡಿಮೆಯಾದಲ್ಲಿ ಬಿಳಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳ ನೆನಪಿಗೂ ಮಹೆಜಬೀನಳ ಬೆರಳಿಗೂ ಮಧ್ಯೆ ಒಂದು ಮೌಸು ಇತ್ತು, ಅಷ್ಟೇ.

ರಹೀಮುನ್ನಿಸಾ ಅಡುಗೆಮನೆಯಿಂದ ಇಣುಕಿ, "ಬಂದಾರಿಗೆ ಚಾ ಮಾಡ್ತೇನಿ. ಹಾಲ ಹಾಕ್ಲೇನ?" ಎಂದಳು.

"ಚಾಕ್ಕ ಹಾಕ್ರಿ, ಯವ್ವಾ. ಮಾರಿಗೆ ಬ್ಯಾಡ" ಎಂದಳು ಲಕ್ಷ್ಮೀದೇವಿ. ಮೂವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದು ಯಾಕೆಂದು ಮುದುಕಿಗೆ ತಿಳಿಯಲಿಲ್ಲ.

ಚಹಾ ಆರಿತು. ಬಿಸಿಲು ಕಿಟಕಿಯ ಸರಳು ದಾಟಿ ಗೋಡೆಗೆ ಹೋಯಿತು. ಹುಬ್ಬಿನ ಮೂಳೆ ಎದ್ದಿತು, ಕೆನ್ನೆ ಎದ್ದಿತು, ಗೀರು ತನ್ನ ಜಾಗದಲ್ಲಿ ಕೂತಿತು. ಕಣ್ಣಿನ ಒಳಗೆ ಮಹೆಜಬೀನ ಒಂದೇ ಒಂದು ಚುಕ್ಕೆ ಬೆಳಕು ಇಟ್ಟಳು. ಆಮೇಲೆ ಕೆಳದುಟಿಗೆ ಬಂದಳು. ಹಿಂದಿನಿಂದ ಬರುತ್ತಿದ್ದ 'ಅಲ್ಲೇ, ಸಾಕ್' ನಿಂತುಹೋಗಿತ್ತು. ಇನ್ನೂ ಸರಿಯಾಗಿಲ್ಲವೇನೋ ಎಂದು ಅವಳು ಮತ್ತೊಮ್ಮೆ ಬ್ರಷ್ ಎತ್ತಿದಳು.

"ಕೈ ತಗೀ, ತಂಗಿ" ಎಂದಳು ಲಕ್ಷ್ಮೀದೇವಿ.

ಮಹೆಜಬೀನ ಕೈ ತೆಗೆದಳು. ಲಕ್ಷ್ಮೀದೇವಿ ಎದ್ದು ಬಂದು ಪರದೆಯ ಮುಂದೆ ನಿಂತಿದ್ದಳು.

"ಎದ್ಯಾಗ ಹಿಡದಂಗ ಆಗೇತಿ ಅಂತ ಒಂದ ಮಾತ ಹೇಳಾಕ ಏನ ಆಗಿತ್ತ ನಿನಗ?" ಎಂದಳು ಪರದೆಯಲ್ಲಿದ್ದವನಿಗೆ. "ಗ್ಯಾಸ್ ಅಂದಿ. ಸೋಡಾ ಕುಡದಿ. ಮೂರ ದಿನಾ ಸೋಡಾ ಕುಡಕೋಂತ ಮಂದೀ ಕಬ್ಬ ಕಡದಿ. ನಾ ಏನ ಸತ್ತಿದ್ನೇನ, ನನಗ ಹೇಳಾಕ? ದವಾಖಾನಿಗೆ ಎಳಕೊಂಡ ಹೋಗ್ತಿದ್ನೆಲ್ಲೋ! ಈಗ ಹಲ್ಲ ಕಿಸ್ಕೊಂಡ ನಿಂತಿ. ನಾಚಿಕಿ ಐತೇನ ನಿನಗ?"

ರೀನಾ ತಾಯಿಯನ್ನು ಹಿಡಿಯಲು ಮುಂದಾದಳು. ವರ್ಷವೆಲ್ಲ ಅವ್ವ ಅತ್ತೂ ಇರಲಿಲ್ಲ, ಬೈದೂ ಇರಲಿಲ್ಲ. ಮಹೆಜಬೀನ ಹುಡುಗಿಯ ಕೈ ಹಿಡಿದು ಬೇಡವೆಂದು ತಲೆಯಾಡಿಸಿದಳು. ಪರರ ಗಂಡನನ್ನು ಯಾವ ಹೆಂಗಸೂ ಹೀಗೆ ಬೈಯುವುದಿಲ್ಲ. ಬೈಗುಳ ಅಳುವಾಗಿ, ಅಳು ತಾನಾಗಿ ನಿಲ್ಲುವವರೆಗೆ ಅವಳು ಕಾದಳು, ಆಮೇಲೆ ಪ್ರಿಂಟ್ ಒತ್ತಿದಳು.